ವಿಮಾನದ ಮೂಗಿಗೆ ಭಂಡಾರ

ಯಾರಾದರೂ ನನ್ನ ಉದ್ಯೋಗವೇನೆಂದು ಕೇಳಿದರೆ ವಿಮಾನದ ಮೂಗು ಒರೆಸುವುದು ಎಂದುಬಿಡುತ್ತೇನೆ. ನೆಂಟರು ನಗುತ್ತಾರೆ, ಆದರೆ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ವಿಮಾನ ಹಾರಿಸಲು ಕಲಿಸುವ ಒಂದು ಸಣ್ಣ ಶಾಲೆಯಲ್ಲಿ ನಾನು ಮೆಕ್ಯಾನಿಕ್. ವಿಮಾನದ ಎಂಜಿನ್ನಿಗೂ ಮನುಷ್ಯರ ಹಾಗೆ ಉಸಿರು ಬೇಕು. ನಮ್ಮ ಹಗರಿಬೊಮ್ಮನಹಳ್ಳಿ ಸೀಮೆಯಲ್ಲೋ ಗಾಳಿಗಿಂತ ಧೂಳೇ ಜಾಸ್ತಿ. ಅದಕ್ಕೆಂದೇ ಮುಂದೊಂದು ಏರ್ ಫಿಲ್ಟರ್ ಇರುತ್ತದೆ, ಅದನ್ನು ದಿನಾ ನೋಡಿಕೊಳ್ಳುವವನು ನಾನು. ನನ್ನ ಸ್ವಂತ ಮೂಗು ವರ್ಷವಿಡೀ ಸೋರುತ್ತದೆ, ಅದನ್ನು ಕೇಳುವವರಿಲ್ಲ. ಫಿಲ್ಟರಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬಾಗಿಲಿದೆ, ರ‍್ಯಾಮ್ ಏರ್ ಬಾಗಿಲು. ಒಳಗೆ ಕೂತವರು ಗುಬುಟು ಎಳೆದರೆ ಅದು ತೆರೆದುಕೊಂಡು, ಎದುರುಗಾಳಿ ಫಿಲ್ಟರಿನ ಗೊಡವೆಯಿಲ್ಲದೆ ನೇರ ಎಂಜಿನ್ನಿಗೆ ನುಗ್ಗುತ್ತದೆ, ಕಸುವು ಒಂದಿಷ್ಟು ಹೆಚ್ಚುತ್ತದೆ. ಅದನ್ನು ಮೇಲೆ, ಗಾಳಿ ಚೊಕ್ಕಟವಿದ್ದಲ್ಲಿ ಮಾತ್ರ ತೆರೆಯಬೇಕು. ನೆಲದ ಮೇಲೆ ತೆರೆದರೆ ಊರಿನ ಧೂಳೆಲ್ಲ ಅದರ ಹೊಟ್ಟೆ ಸೇರುತ್ತದೆ.

ಈ ಸಲದ ಆಯುಧಪೂಜೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವ ಕುರಿ ಕಾಯ್ದ ಮನೆತನದವಳು. ಮೈಲಾರಲಿಂಗನ ಭಂಡಾರ, ಅಂದರೆ ಆ ಅರಿಶಿನ ಪುಡಿ, ಸೆರಗಿನ ಗಂಟಿನಲ್ಲಿಲ್ಲದೆ ಹೊಸಿಲು ದಾಟುವವಳಲ್ಲ. ವಿಮಾನಕ್ಕೆ ಹೂವಿನ ಹಾರ ಹಾಕಿದ್ದಾಯಿತು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಯಿತು. ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೂಗಿನ ಮುಂದೆ ನಿಂತಳು.

“ಟ್ರ್ಯಾಕ್ಟರ್ ಪೂಜಿಗೆ ಬಾನೆಟ್ ಎತ್ತತಾರ. ಇದಕ್ಯಾಕ ಬಾಗಲಾ ಹಾಕೀರಿ? ಬಾಗಲಾ ಹಾಕಿದ ಮನಿಗೆ ದೇವ್ರು ಹೆಂಗ ಬರ್ತಾನ?”

“ಸರಿಯಾಗಿ ಹೇಳಿದ್ರಿ ಅಮ್ಮಾ” ಎಂದರು ನಮ್ಮ ಮ್ಯಾನೇಜರ್, ಹರಪನಹಳ್ಳಿ ಕಡೆಯವರು, ಬಲು ದೈವಭಕ್ತರು. ತಾವೇ ಹತ್ತಿ ಕೂತು ಗುಬುಟು ಎಳೆದರು. ನಾನು ಭಕ್ತಿಯಿಂದ ಕಣ್ಣು ಮುಚ್ಚಿ ಕೈ ಮುಗಿದಿದ್ದೆ. “ಏಳ್ಕೋಟಿ ಏಳ್ಕೋಟಿಗೋ!” ಎಂಬ ಮೈಲಾರಲಿಂಗನ ಜಯಕಾರಕ್ಕೆ ಕಣ್ಣು ಬಿಟ್ಟರೆ, ತೆರೆದ ಆ ಪುಟ್ಟ ಬಾಗಿಲೊಳಗೆ ಅವ್ವ ಒಂದು ಹಿಡಿ ಭಂಡಾರ ತೂರಿಯಾಗಿತ್ತು. ಬೇಡ ಸಾರ್ ಎಂದು ಅರಚಿಕೊಂಡೆ. ಅಷ್ಟರಲ್ಲಿ ಅವ್ವ ಪಕ್ಕಕ್ಕೆ ಸರಿದಿದ್ದಳು, ನಿಂಬೆಹಣ್ಣು ತುಳಿಸಲು ಮ್ಯಾನೇಜರ್ ಎಂಜಿನ್ ಚಾಲೂ ಮಾಡಿಬಿಟ್ಟಿದ್ದರು, ಪಂಖದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಹಳದಿಯೆಲ್ಲ ಒಂದೇ ಉಸಿರಿಗೆ ಒಳಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಅದೇ ವಿಮಾನದಲ್ಲಿ ಕೊಟ್ಟೂರಿನ ಹುಡುಗಿಯೊಬ್ಬಳು ಮೊದಲ ಸಲ ಒಬ್ಬಳೇ ಹಾರಬೇಕಿತ್ತು. ಅವಳ ಅಪ್ಪ ಪೇಡೆ ಡಬ್ಬಿ ಹಿಡಿದು ಬಂದು ಕೂತಿದ್ದರು. ನನ್ನ ಸಹಿ ಇಲ್ಲದೆ ವಿಮಾನ ಏರುವಂತಿಲ್ಲ. ಎಂಜಿನ್ ಬಿಚ್ಚಿ ನೋಡದೆ ಸಹಿ ಹಾಕುವುದಿಲ್ಲ ಎಂದೆ.

“ನಿನ್ನೆ ಚೆನ್ನಾಗೇ ಓಡಿತಲ್ಲರೀ. ದೇವ್ರ ಭಂಡಾರ ಕೆಟ್ಟದ್ದು ಮಾಡುತ್ತಾ?” ಎಂದರು ಮ್ಯಾನೇಜರ್.

“ಭಂಡಾರ ಯಾವ್ದು, ಧೂಳು ಯಾವ್ದು ಅಂತ ಎಂಜಿನ್ನಿಗೆ ಗೊತ್ತಾಗಂಗಿಲ್ರಿ ಸಾರ್.”

ಹುಡುಗಿಯ ಕಣ್ಣು ತುಂಬಿತು. “ಈ ದಿನಕ್ಕ ಎಷ್ಟು ಕಾದಿದ್ದೆ ಅಣ್ಣಾ” ಎಂದು ಮುಖ ತಿರುಗಿಸಿದಳು. ಸಹಿ ಹಾಕಿ ಕೈ ತೊಳೆದುಕೊಳ್ಳೋಣ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಹಾಕಲಿಲ್ಲ.

ಮಧ್ಯಾಹ್ನ ಬಿಚ್ಚಿದೆವು. ಎಷ್ಟು ಗಾಳಿ ಬರುತ್ತಿದೆಯೆಂದು ನೋಡಿ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡಿಸುವ ಸಣ್ಣ ಕೊಳವೆಗಳಿರುತ್ತವೆ. ಅವುಗಳ ಬಾಯಲ್ಲಿ ಅರಿಶಿನ ಗಟ್ಟಿಯಾಗಿ ಕೂತಿತ್ತು. ನೆಲ ಬಿಟ್ಟು ಬೇವಿನಮರದಷ್ಟು ಎತ್ತರಕ್ಕೆ ಏರಿದ ಮೇಲೆ ಎಂಜಿನ್ ಕೆಮ್ಮಿ ನಿಂತಿದ್ದರೆ, ಆ ಹುಡುಗಿಯ ಎದುರಿಗಿದ್ದದ್ದು ಬರೀ ಕಲ್ಲುಗುಡ್ಡ.

ಶಾಬಾಸ್ ಎನ್ನುತ್ತಾರೆಂದು ಮನಸ್ಸಿನ ಮೂಲೆಯಲ್ಲಿ ಒಂದು ಆಸೆಯಿತ್ತು, ಮುಚ್ಚಿಡುವುದೇಕೆ. ಮ್ಯಾನೇಜರ್ ಕೊಳವೆಗಳನ್ನು ನೋಡಿದರು, ನನ್ನನ್ನು ನೋಡಿದರು. “ಹೊರಗಿನವರನ್ನ ವಿಮಾನದ ಹತ್ರ ಬಿಟ್ಟವರು ನೀವು. ನಾವು ಹೇಳಿ ಕಳಿಸೋವರೆಗೆ ಬರೋದು ಬೇಡ” ಎಂದರು. ಗುಬುಟು ಎಳೆದವರು ಯಾರೆಂಬ ಮಾತು ಅವರೂ ಎತ್ತಲಿಲ್ಲ, ಅಲ್ಲಿದ್ದ ಬೇರೆ ಯಾರೂ ಎತ್ತಲಿಲ್ಲ. ಹುಡುಗಿ ಮಾತ್ರ ಗೇಟಿನ ತನಕ ಬಂದಳು, ಒಂದು ಪೇಡೆ ಕೈಗಿಟ್ಟು ಹೋದಳು.

ಈಗ ಮನೆಯಲ್ಲಿದ್ದೇನೆ. ಕೆಲಸಕ್ಕೆ ಯಾಕೆ ಹೋಗುತ್ತಿಲ್ಲವೆಂದು ಅವ್ವ ಕೇಳಿದಾಗ, ನಿನ್ನ ಭಂಡಾರದಿಂದಲೇ ಹೀಗಾಯಿತು ಎನ್ನಲು ನಾಲಿಗೆ ಏಳಲಿಲ್ಲ. ವಿಮಾನ ಕೆಟ್ಟಿದೆ, ಸರಿಹೋದ ಮೇಲೆ ಕರೆಯುತ್ತಾರೆ ಎಂದೆ. ಅವ್ವ ಸೆರಗಿನ ಗಂಟು ಬಿಚ್ಚಿ ಉಳಿದ ಭಂಡಾರ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು:

“ಎಲ್ಲಾ ನಂದ ತಪ್ಪಪ್ಪಾ. ಪುಡಿ ಖರ್ಚಾಗ್ತೈತಿ ಅಂತ ಕೈ ಬಿಗಿ ಹಿಡಿದು ಹಾಕಿದೆ. ನೀ ಹೊಳ್ಳಿ ಕೆಲಸಕ್ಕ ಹೋಗೋ ದಿನ ವಿಮಾನಕ್ಕ ಒಂದು ಚೀಲ ಭಂಡಾರ ಹಾಕ್ತೀನಿ ಅಂತ ಮೈಲಾರಪ್ಪಗ ಹರಕಿ ಹೊತ್ತೀನಿ. ಅವತ್ತು ಆ ಬಾಗಲಾ ನೀನ ತೆಗೀಬೇಕು ನೋಡು.”

ಮ್ಯಾನೇಜರ್ ಮುಂದೆ ಆಗುವುದಿಲ್ಲ ಎಂದ ನನ್ನ ಬಾಯಿ, ಅವ್ವನ ಮುಂದೆ “ಆತು ಬೇ” ಎಂದಿತು. ಅಂದಿನಿಂದ, ಕೆಲಸ ವಾಪಸ್ ಕೊಡು ಎಂದು ದೇವರನ್ನು ಕೇಳಿಕೊಳ್ಳುವ ಧೈರ್ಯವೂ ನನಗಿಲ್ಲ.