ಸಮಾನತೆ ಮತ್ತು ನನ್ನ ಆರಾಮಕುರ್ಚಿ

ಸಮಾನತೆಯ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ಅವರು ನನ್ನ ಕುರ್ಚಿಯಲ್ಲಿ ಕೂತು ಮಾತಾಡಿದರೆ. ನನ್ನ ಹೆಂಡತಿಯ ತಮ್ಮ ಗುರುನಾಥ ಏಕೀಕರಣದ ಸಭೆಗೆಂದು ಲಕ್ಷ್ಮೇಶ್ವರದಿಂದ ಬೆಟಗೇರಿಯ ನಮ್ಮ ಮನೆಗೆ ಬಂದ. ಸಭೆ ಮುಗಿಯಿತು, ಕರ್ನಾಟಕವೂ ಒಂದಾಯಿತು, ಈ ಪುಣ್ಯಾತ್ಮ ಮಾತ್ರ ಊರಿಗೆ ಹೋಗಲಿಲ್ಲ. ಮನೆಯ ಒಂದೇ ಒಂದು ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಕೈಗೆ ಚಹಾ ಬಂದ ಮೇಲೆ ಮಾರ್ಕ್ಸ್‌ವಾದ ಹೇಳುತ್ತಾನೆ. ಶಾಲೆಯಲ್ಲಿ ಗಂಟಲು ಹರಿದುಕೊಂಡು ಬಂದ ನಾನು ಚಾಪೆಯ ಮೇಲೆ! ಹೆಂಡತಿಯ ತಮ್ಮನಿಗೆ ಏಳು ಅನ್ನುವ ಧೈರ್ಯ ನಮ್ಮ ಕಡೆ ಯಾವ ಗಂಡಸಿಗಿದೆ ಹೇಳಿ?

ನಾನೂ ಬಿಡಲಿಲ್ಲ. ವಾಚನಾಲಯದಲ್ಲಿ ಪ್ರಾಚೀನ ಚೀನಾದ ಮೋ ಎಂಬ ತತ್ತ್ವಜ್ಞಾನಿಯ ಪಂಥದ ಮೇಲೊಂದು ಪುಸ್ತಕ ಸಿಕ್ಕಿತು. ಓದಿಕೊಂಡು ಬಂದು ಅವನ ಮೇಲೆ ಬಿದ್ದೆ.

"ಲೇ ಗುರುನಾಥ, ನಿಮ್ಮ ವಾದದಾಗ ಸಮಾಜ ಸುಧಾರಿಸಬೇಕಂದ್ರ ದುಡಿಯೋರು ಮಾಲಕರ ಜೋಡಿ ಬಡಿದಾಡಬೇಕು. ಮೋ ಪಂಥದವ್ರು ಹಂಗಲ್ಲ. ಪರರ ಮನಿನೂ ನಿನ್ನ ಮನಿ ಅಂತ ತಿಳಿ, ದುಂದು ಬಿಡು, ಯೋಗ್ಯ ಇದ್ದಾಂವನ್ನ ಮ್ಯಾಲ ಕುಂಡ್ರಸು ಅಂತಾರ."

ಕೊನೆಯ ಮಾತನ್ನು ಕುರ್ಚಿ ನೋಡುತ್ತಲೇ ಹೇಳಿದೆ.

"ಖರೆ ಮಾಮಾ, ನಾನೂ ಇದನ್ನ ನನ್ನ ಮನಿ ಅಂತನ ತಿಳಿದೀನಿ," ಎಂದ. ಅಡಿಗೆಮನೆಯಲ್ಲಿ ಹೆಂಡತಿ ನಕ್ಕಳು. "ಆದ್ರ ಹೊಟ್ಟಿ ಹಸದಾಂವಗ ಪ್ರೀತಿ ಹೇಳಿದ್ರ ಏನ್ ಬಂತು? ಮಗ್ಗ ನೇಯಾಂವನ ಕೈಗೆ ಬರಬೇಕು."

"ಬಂದ ಮ್ಯಾಲೂ ಮನಸು ಹಂಗ ಇದ್ರ?"

ಗುರುನಾಥ ಆವೇಶದಿಂದ ಎದ್ದು ನಿಂತ. ಅಷ್ಟರಲ್ಲಿ ಪಕ್ಕದ ಮನೆಯ ನೇಕಾರ ಫಕೀರಪ್ಪ ನಮ್ಮ ಗದ್ದಲ ಕೇಳಿ ಒಳಗೆ ಬಂದರು. "ಬರ್ರಿ ಬರ್ರಿ, ಕುಂಡ್ರಿ," ಎಂದೆವು ಇಬ್ಬರೂ. ಅವರು ನೆಟ್ಟಗೆ ಹೋಗಿ ಆ ಕುರ್ಚಿಯಲ್ಲೇ ಕೂತರು!

ಶ್ರಮಿಕರಿಗಾಗಿ ಪ್ರಾಣ ಕೊಡುವ ಗುರುನಾಥನ ಮುಖ ಕಪ್ಪಿಟ್ಟಿತು. ಪರರನ್ನು ನನ್ನವರೆಂದು ಪ್ರೀತಿಸುವ ನನಗೂ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಇದೆಂಥ ಅನ್ಯಾಯ ರೀ! ಒಂದು ತಿಂಗಳಿಂದ ಕಾದವನು ನಾನು. ಎರಡೂ ವಾದಗಳು ಒಂದಾದದ್ದು ಆ ಗಳಿಗೆಯಲ್ಲಿ. ನಾನೇ ಬಾಯಿ ತೆರೆದೆ: "ಫಕೀರಪ್ಪಾರ, ಅದರ ಕಾಲು ಸಡ್ಲಾಗೈತ್ರಿ, ಬಿದ್ದೀರಿ!" "ಹೌದ್ರಿ, ಭಾಳ ಸಡ್ಲಾಗೈತಿ," ಎಂದ ಗುರುನಾಥ.

ಫಕೀರಪ್ಪ ಗಾಬರಿಯಿಂದ ಎದ್ದರು. "ಅಯ್ಯ, ಮೊದಲ ಹೇಳಬಾರದೇನ್ರಿ ಮಾಸ್ತರ? ನಮ್ಮ ಬಡಿಗ್ಯಾರ ಕಡೆ ರಿಪೇರಿ ಮಾಡಸ್ಕೊಂಡು ಬರ್ತೀನಿ. ನೀವೇನು ಬ್ಯಾರೇದವ್ರಾ?" ಬೇಡ ಬೇಡ ಅನ್ನುವಷ್ಟರಲ್ಲಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊರಟೇಬಿಟ್ಟರು.

ಈಗ ಚಾಪೆಯ ಮೇಲೆ ಇಬ್ಬರೂ ಸಮಾನರಾಗಿ ಕೂತಿದ್ದೇವೆ. ಇವತ್ತು ಫಕೀರಪ್ಪ ಬೇಸರದಿಂದ ಖಬರು ತಂದರು: ಸಡಿಲ ಎಲ್ಲಿದೆಯೋ ಬಡಿಗನಿಗೆ ಸಿಗಲೊಲ್ಲದಂತೆ, ಹುಡುಕಲಿಕ್ಕೆ ಕುರ್ಚಿಯನ್ನು ಪೂರಾ ಬಿಚ್ಚಿಹಾಕಿದ್ದಾನಂತೆ.