ಗಣಪನ ದೀಪವೂ ಗೇರಿನ ಬೀಗವೂ

ಚೌಕಾಸಿ ಮಾಡದೆ ಕೊಂಡ ವಸ್ತು ನನಗೆ ಸ್ವಂತದ್ದು ಅನ್ನಿಸುವುದೇ ಇಲ್ಲ. ಮುಳಬಾಗಿಲಿನ ಸುತ್ತಮುತ್ತ ಸೈಕಲ್ ಮೇಲೆ ಪಾತ್ರೆ ಮಾರಿ, ಆಮೇಲೆ ಅಂಗಡಿ ಇಟ್ಟವನು ನಾನು. ಯಾರೂ ಕೇಳದಿದ್ದರೂ ಬುದ್ಧಿ ಹೇಳುತ್ತೇನೆ. ಈಗಲೂ ಹೇಳುತ್ತೇನೆ: ಯಾವುದಕ್ಕೆ ಬೇಕಾದರೂ ಚೌಕಾಸಿ ಮಾಡಿ, ಕಾರಿನ ವೈರಿಂಗ್ ಒಂದನ್ನು ಬಿಟ್ಟು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಹಳೇ ಆಟೊಮ್ಯಾಟಿಕ್ ಕಾರು ಕೊಂಡೆ. ಕ್ಲಚ್ಚಿಲ್ಲ. ಬ್ರೇಕ್ ತುಳಿಯದೆ ಗೇರ್ ರಾಡು 'ಪಿ', ಅಂದರೆ ಪಾರ್ಕಿಂಗ್, ಬಿಟ್ಟು ಅಲ್ಲಾಡುವುದಿಲ್ಲ. ಯಾರಾದರೂ ಮೈಮರೆತು ಗೇರಿಗೆ ಹಾಕಿ ಎದುರಿನ ಗೋಡೆಗೆ ಗುದ್ದದಿರಲಿ ಅಂತ ಇಟ್ಟ ಬೀಗ ಅದು. ಡ್ಯಾಶ್‌ಬೋರ್ಡಿನ ಮೇಲೆ ಶಿವಾರಪಟ್ಟಣದ ಕಲ್ಲಿನ ಗಣಪನನ್ನು ಕೂರಿಸಿದೆ. ಅಲ್ಲಿನ ಶಿಲ್ಪಿಯ ಹತ್ತಿರ ಅರ್ಧ ದಿನ ಚೌಕಾಸಿ ಮಾಡಿದ್ದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಬ್ರೇಕ್ ತುಳಿದಾಗೆಲ್ಲ ಗಣಪನ ಹಿಂದೆ ಕೆಂಪು ದೀಪ ಹತ್ತಬೇಕು, ಬಸ್ಸುಗಳಲ್ಲಿ ಇರುತ್ತಲ್ಲ, ಹಾಗೆ. ಎಲೆಕ್ಟ್ರಿಷಿಯನ್ ಅದಕ್ಕೆ ಬೇರೆ ತಂತಿ, ಬೇರೆ ಫ್ಯೂಸ್ ಬೇಕು ಅಂದ. ಯಾಕಪ್ಪಾ ದಂಡ, ಬ್ರೇಕ್ ಲೈಟಿನ ತಂತಿಗೇ ಸಿಕ್ಕಿಸು ಅಂದೆ. ಸಿಕ್ಕಿಸಿದ.

ನಮ್ಮಕ್ಕನಿಗೆ ಎರಡು ಕಣ್ಣಿಗೂ ಪೊರೆ. ಆ ಮಸುಕಿನಲ್ಲೂ ಕೆಂಪು ಬೆಳಕು ಮಾತ್ರ ಕಾಣುತ್ತಿತ್ತು. ಹಂಪ್ ಬಂದಾಗಲೆಲ್ಲ ಕೈಮುಗಿಯುತ್ತಿದ್ದಳು. ಆಪರೇಷನ್ನಿಗೆ ಹೆದರಿ ವರ್ಷಗಟ್ಟಲೆ ತಳ್ಳಿಕೊಂಡು ಬಂದವಳು, ಒಲೆಯಲ್ಲಿ ಕೈ ಸುಟ್ಟುಕೊಂಡ ಮೇಲೆ ಒಪ್ಪಿದಳು. ಕೋಲಾರದ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಎಂಜಿನ್ ಶುರು ಮಾಡಿ ಬ್ರೇಕ್ ತುಳಿದೆ. ಗಣಪನ ದೀಪ ಹತ್ತಲಿಲ್ಲ, ಗೇರ್ ರಾಡು ಕದಲಲಿಲ್ಲ.

"ದೇವರೇ ಬೇಡ ಅಂತಾನೆ ಕಣೋ," ಅಂತ ಅಕ್ಕ ಇಳಿದೇಬಿಟ್ಟಳು. ಈ ಸಲ ಮನೆಯೊಳಕ್ಕೆ ಹೋದರೆ ಮತ್ತೆ ಹೊರಡುವವಳಲ್ಲ.

ಹೆಂಡತಿಯನ್ನು ಕಾರಿನ ಹಿಂದೆ ನಿಲ್ಲಿಸಿ ಮತ್ತೆ ತುಳಿದೆ. ಹಿಂದಿನ ಬ್ರೇಕ್ ಲೈಟೂ ಇಲ್ಲ ಅಂದಳು. ಆಗ ಹೊಳೆಯಿತು. ಆ ದೀಪಕ್ಕೆ ಹೋಗುವ ಕರೆಂಟೇ ಗೇರಿನ ಬೀಗಕ್ಕೂ, ಬ್ರೇಕ್ ತುಳಿದಾಯ್ತು, ಇನ್ನು ಬಿಡು ಅಂತ ಹೇಳಬೇಕು. ಗಣಪನ ತಂತಿ ಎಲ್ಲೋ ತಗಡಿಗೆ ತಾಗಿ ಫ್ಯೂಸ್ ಸುಟ್ಟಿತ್ತು. ಬೀಗಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ.

ಇದನ್ನೆಲ್ಲ ವಿವರಿಸಿದರೂ ಅಕ್ಕ ನಂಬಲಿಲ್ಲ. ಹೊಸ್ತಿಲ ಹತ್ತಿರ ಹೋದಳು. ಕೊನೆಗೆ ಬೀದಿಯವರೆಲ್ಲ ಕೇಳುವ ಹಾಗೆ ಹೇಳಬೇಕಾಯಿತು: "ಅಕ್ಕಾ, ತಡೆದಿದ್ದು ದೇವರಲ್ಲ. ನನ್ನ ಜಿಪುಣತನ."

ಅಕ್ಕ ನಿಂತಳು. "ಅದಾದ್ರೆ ನಂಬ್ತೀನಿ," ಅಂದಳು.

ಗಣಪನ ತಂತಿ ಕತ್ತರಿಸಿ ಬೇರೆ ಫ್ಯೂಸ್ ಹಾಕಿದೆ. ಬ್ರೇಕ್ ತುಳಿದರೆ ಒಳಗೆಲ್ಲೋ ಟಕ್ ಅಂತು, ರಾಡು ಸಲೀಸಾಗಿ ಇಳಿಯಿತು.

ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬರುವಾಗ ಅಕ್ಕ ಮುಂದಕ್ಕೆ ಬಗ್ಗಿ ಗಣಪನನ್ನೇ ಬಹಳ ಹೊತ್ತು ನೋಡಿದಳು. ದೀಪದ ತಂತಿ ಕತ್ತರಿಸಿದ್ದಕ್ಕೆ ಬೈಯುತ್ತಾಳೆ ಅಂದುಕೊಂಡೆ.

"ಇಷ್ಟೇ ಇಷ್ಟು ಗಣಪನಿಗಾ ಅರ್ಧ ದಿನ ಚೌಕಾಸಿ ಮಾಡಿದ್ದು?"

ಹಂಪಿಲ್ಲದ ಕಡೆ ಬ್ರೇಕ್ ತುಳಿದುಬಿಟ್ಟೆ. ಅಕ್ಕ ಕೈಮುಗಿದಳು. ಈ ಸಲ ತಿರುಗಿದ್ದು ನನ್ನ ಕಡೆಗೆ.