ಪತ್ತೆಯಾಗದ ಆರೋಪಿ

"ಮಾತ್ರೆ ನುಂಗಲ್ಲ ಅಂದ್ರೆ ನುಂಗಲ್ಲ ಕಣೇ. ಕೇಸು ಮುಗೀತು!"

ಶಿವಮೊಗ್ಗದ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಹೀಗೆ ಕೂಗಿದವರು ಭದ್ರಾವತಿಯ ನಿವೃತ್ತ ಹೆಡ್ ಕಾನ್ಸ್‌ಟೇಬಲ್ ಚಂದ್ರಶೇಖರಪ್ಪ. ನಾಲ್ಕು ದಿನದಿಂದ ಮಾತ್ರೆ ಬಿಟ್ಟು ಕೂತ ಈ ಮಹಾಶಯರನ್ನು ಹೆಂಡತಿ ಮಹಾಂತಮ್ಮ ಬೆಳಗಿನ ಬಸ್ಸಿಗೆ ಹೆಚ್ಚುಕಮ್ಮಿ ದಸ್ತಗಿರಿ ಮಾಡಿಯೇ ಕರೆತಂದಿದ್ದರು. ಎದುರಿಗೆ ಕೂತವರು ಆಪ್ತಸಮಾಲೋಚಕಿ ಪ್ರಿಯದರ್ಶಿನಿ.

ಪ್ರಿಯದರ್ಶಿನಿ: ಯಾಕೆ ಸರ್ ಬಿಟ್ರಿ?

ಚಂದ್ರಶೇಖರಪ್ಪ: ನಿಮ್ಮ ರಿಪೋರ್ಟೇ ಹೇಳುತ್ತಲ್ಲಮ್ಮ, ರಕ್ತದಲ್ಲಿ ವೈರಸ್ ಪತ್ತೆಯಾಗಿಲ್ಲ ಅಂತ. ಆರೋಪಿ ಪತ್ತೆಯಾಗ್ಲಿಲ್ಲ ಅಂದ್ರೆ ನಾವು ಸಿ ರಿಪೋರ್ಟ್ ಹಾಕಿ ಫೈಲು ಕಟ್ಟಿಡ್ತಿದ್ವಿ.

ಪ್ರಿಯದರ್ಶಿನಿ: ಅದು ಹೋಗಿಲ್ಲ ಸರ್, ಅಡಗಿದೆ. ರೋಗದ ಜೊತೆ ಹೋರಾಡೋ ಕಣ ಇದಾವಲ್ಲ, ಅದ್ರೊಳಗೇ ಮಲಗಿದೆ.

ಚಂದ್ರಶೇಖರಪ್ಪ: (ಎದ್ದು ನಿಂತು) ಅಂದ್ರೆ ಪೊಲೀಸ್ ಡಿಪಾರ್ಟ್‌ಮೆಂಟ್ ಒಳಗೇನಾ?

ಪ್ರಿಯದರ್ಶಿನಿ: ಹೂಂ. ಅದ್ರಲ್ಲೂ ಹಳೇ ರೋಗಗಳನ್ನ ನೆನಪಿಟ್ಕೊಳ್ಳೋ ಕಣಗಳಲ್ಲಿ. ಅವು ವರ್ಷಗಟ್ಟಲೆ ಬದುಕ್ತವೆ.

ಚಂದ್ರಶೇಖರಪ್ಪ: ಸೀನಿಯರ್‌ಗಳು! ಮಿಕ್ಕ ಸಿಬ್ಬಂದಿ ಏನ್ ಮಾಡ್ತಿದಾರೆ?

ಪ್ರಿಯದರ್ಶಿನಿ: ಗಸ್ತು ಹೊಡೀತಾನೇ ಇರ್ತವೆ. ಮಲಗಿರೋ ವೈರಸ್ಸು ಸದ್ದೇ ಮಾಡಲ್ಲ. ಹೊರಗಿಂದ ನೋಡಿದ್ರೆ ಎಲ್ಲಾ ನಮ್ಮೋರ ಥರಾನೇ.

ಚಂದ್ರಶೇಖರಪ್ಪ: ಯೂನಿಫಾರ್ಮ್ ಹಾಕ್ಕೊಂಡು ಮಲಗಿದಾನೆ! ಎಲ್ಲರನ್ನೂ ಸಸ್ಪೆಂಡ್ ಮಾಡಿ.

ಪ್ರಿಯದರ್ಶಿನಿ: ಆಮೇಲೆ ನೆಗಡಿ ಬಂದ್ರೂ ಕಾಯೋರಿರಲ್ಲ ಸರ್.

ಚಂದ್ರಶೇಖರಪ್ಪ: ಹೊಸಬರನ್ನ ತಗೊಳ್ಳಿ.

ಪ್ರಿಯದರ್ಶಿನಿ: ಆ ಕಣ ಒಡೆದು ಎರಡಾದಾಗ ಒಳಗಿರೋ ವೈರಸ್ಸಿನ ನಕಲೂ ಹೊಸದರ ಜೊತೆ ಹೋಗುತ್ತೆ.

ಚಂದ್ರಶೇಖರಪ್ಪ: ಅಯ್ಯೋ ಮಾರಾಯ್ತಿ, ಕಳ್ಳನ ಮಗನಿಗೆ ಅನುಕಂಪದ ನೌಕರಿ ಬೇರೆನಾ!

ಅವರು ಜೇಬಿನಿಂದ ಪೆನ್ನು ತೆಗೆದು, ತಮ್ಮದೇ ರಕ್ತಕ್ಕೆ ಕಾರಣ ಕೇಳುವ ನೋಟಿಸ್ ಬರೆಯತೊಡಗಿದರು. ಮಹಾಂತಮ್ಮ ಪೆನ್ನು ಕಿತ್ತುಕೊಂಡರು.

ಮಹಾಂತಮ್ಮ: ರೀ, ನೀವು ಸಿ ರಿಪೋರ್ಟ್ ಹಾಕಿದ್ರಲ್ಲ, ಆ ಕಳ್ಳರೆಲ್ಲ ಸತ್ತೋಗಿದ್ರಾ?

ಚಂದ್ರಶೇಖರಪ್ಪ: ಎಲ್ಲಿ ಸಾಯ್ತಾರೆ? ನಾವು ಬೀಟು ನಿಲ್ಲಿಸಿದ ವಾರಕ್ಕೇ...



ಮಹಾಂತಮ್ಮ: ಹೇಳಿ, ವಾರಕ್ಕೇ?

ಚಂದ್ರಶೇಖರಪ್ಪ: (ಮೆಲ್ಲಗೆ) ಮತ್ತೆ ಶುರು ಹಚ್ಕೊಳ್ತಿದ್ರು.

ಮಹಾಂತಮ್ಮ: ಈ ಮಾತ್ರೆ ಶುರುವಾಗೋ ಮುಂಚೆ ಆಸ್ಪತ್ರೇಲಿ ಮೂವತ್ತೆಂಟು ಕೆಜಿ ಇದ್ರಿ. ಎತ್ತಿ ಕೂರಿಸಿದ್ದು ನಾನು. ಇನ್ನೊಂದ್ ಸಲ ಅದನ್ನ ನೋಡೋ ಶಕ್ತಿ ನಂಗಿಲ್ಲ. ಭಯ ಆಗುತ್ತೆ ಕಣ್ರೀ.

ಚಂದ್ರಶೇಖರಪ್ಪನವರಿಗೆ ನಾಚಿಕೆಯಾಯಿತು. ಪ್ರಿಯದರ್ಶಿನಿ ಪಕ್ಕದ ಕೋಣೆಯ ಡಾಕ್ಟರನ್ನು ಕೇಳಿ ಬಂದರು. ಮಾತ್ರೆ ಈಗಲೇ ಮತ್ತೆ ಶುರು ಮಾಡಿ ಎಂದು ಡಾಕ್ಟರು ಹೇಳಿದ್ದರು. ಮಾತ್ರೆ ಗಂಟಲಿಗಿಳಿಯಿತು.

ಚಂದ್ರಶೇಖರಪ್ಪ: ಇದು ಎಷ್ಟು ವರ್ಷದ ಡ್ಯೂಟಿ?

ಪ್ರಿಯದರ್ಶಿನಿ: ಸದ್ಯಕ್ಕೆ ಜೀವನಪೂರ್ತಿ ಸರ್. ಬೆಳಿಗ್ಗೆ ಎಂಟು, ರಾತ್ರಿ ಎಂಟು. ಒಂದು ದಿನಾನೂ ರಜೆ ಇಲ್ಲ.

ಚಂದ್ರಶೇಖರಪ್ಪ: ರಿಟೈರ್‌ಮೆಂಟೇ ಇಲ್ವಾ?

ಎರಡು ವರ್ಷದಿಂದ ಮಾಡಲು ಕೆಲಸವಿಲ್ಲದೆ ಸೊರಗಿದ್ದ ಮನುಷ್ಯನ ಮುಖ ಅರಳಿತು. ಕೈ ತಾನಾಗಿ ಮೀಸೆಗೆ ಹೋಯಿತು.

ಚಂದ್ರಶೇಖರಪ್ಪ: ಮಹಾಂತಾ, ನನ್ನ ಬೂಟು ಹುಡುಕಿ ಪಾಲಿಶ್ ಮಾಡಿಡು. ನಾಳೆ ಏಳೂವರೆಗೆ ರೋಲ್ ಕಾಲ್!

ಮಹಾಂತಮ್ಮ: (ಹಣೆ ಚಚ್ಚಿಕೊಂಡು) ಮೇಡಂ, ಇವರಿಗೇನೋ ಕೆಲಸ ವಾಪಸ್ ಸಿಕ್ತು. ನಂಗೊಂದು ಟ್ರಾನ್ಸ್‌ಫರ್ ಕೊಡ್ಸಿ!